ದರ ಏರಿಸುವ ಮುನ್ನ ಬಿಸಿಲನ್ನೊಮ್ಮೆ ನೋಡಿ

2025ರ ಬೇಸಿಗೆಯಲ್ಲಿ ನಮ್ಮ ಪಿ.ಜಿ. ಮಾಲೀಕರು ತಿಂಗಳ ಬಾಡಿಗೆಗೆ ಮುನ್ನೂರು ರೂಪಾಯಿ ಸೇರಿಸಿದರು. ಯಾಕೆ ಎಂದು ಕೇಳಿದ್ದಕ್ಕೆ ಕರೆಂಟ್ ಬಿಲ್ ಮುಂದೆ ಹಿಡಿದರು. ‘ಗೃಹಜ್ಯೋತಿ’ ಇರುವಾಗ ದರ ಏರಿಕೆ ನಮ್ಮನ್ನೇನು ಮಾಡೀತು ಎಂದುಕೊಂಡಿದ್ದವನು ನಾನು. ಆ ವರ್ಷದ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬಂತು, ನಿಗದಿತ ಶುಲ್ಕವೂ ಏರಿತು. ಅದು ಸುತ್ತಿ ಬಳಸಿ ನನ್ನ ಜೇಬಿಗೇ ಬಂದಿತ್ತು.

ಪಿಂಚಣಿಯ ಹೊರೆಯನ್ನು ಸೌರಫಲಕ ಇಳಿಸಲಾರದು, ಒಪ್ಪುತ್ತೇನೆ. ಆದರೆ ಎಸ್ಕಾಂಗಳ ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದ್ದು. ಕಲ್ಲಿದ್ದಲು ದುಬಾರಿಯಾದರೆ ಆ ಹೊಂದಾಣಿಕೆಯೂ ಬಿಲ್‌ಗೇ ಸೇರುತ್ತದೆ. ಬಿಸಿಲಿಗೆ ಇಂಧನದ ಬೆಲೆಯಿಲ್ಲ. ಒಮ್ಮೆ ಒಪ್ಪಂದವಾದರೆ 25 ವರ್ಷ ಹೆಚ್ಚೂಕಡಿಮೆ ಅದೇ ದರ.

ನಮ್ಮೂರು ಮಧುಗಿರಿ ಕಡೆ. ಪಕ್ಕದ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೂ ನಮ್ಮ ತೋಟಕ್ಕೆ ತ್ರೀ ಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದರೆ ಅಪ್ಪ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೊರಡುತ್ತಾರೆ. ಮೋಟರ್ ಆನ್ ಆಗಿ ನೀರು ಬೀಳುವ ಸದ್ದು ಕೇಳುವವರೆಗೆ ಅಮ್ಮನಿಗೆ ನಿದ್ದೆಯಿಲ್ಲ, ಹಾವಿನ ಭಯ. ‘ಬಿಸಿಲು ನಮ್ದು, ಕರೆಂಟು ಮಾತ್ರ ಊರಾಚೆ ಹೋಗ್ತದಲ್ಲೋ ಮಗ’ ಎಂದು ಅಪ್ಪ ಒಮ್ಮೆ ನಗುತ್ತಲೇ ಹೇಳಿದ್ದರು. ಕ್ಲಾಸಿನಲ್ಲಿ ಪವರ್ ಸಿಸ್ಟಮ್ಸ್ ಪಾಠ ಕೇಳುವಾಗೆಲ್ಲ ಆ ಮಾತು ನೆನಪಾಗುತ್ತದೆ.

ಹಾಗಾಗಿ ಒಂದು ದಿನ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. 5 ಎಚ್‌.ಪಿ. ಮೋಟರ್ ಏಳು ಗಂಟೆ ಓಡಿದರೆ ಸುಮಾರು 26 ಯೂನಿಟ್. ನಮ್ಮ ಬಿಸಿಲಿಗೆ 1 ಮೆಗಾವ್ಯಾಟ್ ಸೌರ ಘಟಕ ದಿನಕ್ಕೆ ನಾಲ್ಕು ಸಾವಿರ ಯೂನಿಟ್‌ಗೆ ಮೋಸವಿಲ್ಲ. ಅಂದರೆ ಸುಮಾರು 150 ಪಂಪ್‌ಸೆಟ್. ಬೇಕಾದ ಜಾಗ ನಾಲ್ಕೈದು ಎಕರೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಘಟಕ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಜೋಡಿಸಿದರೆ ದೂರದಿಂದ ತರುವಾಗಿನ ನಷ್ಟವೂ ಉಳಿಯುತ್ತದೆ. ಸಂಜೆ ಸೂರ್ಯ ಮುಳುಗಿದರೆ ಏನು ಗತಿ ಎಂಬ ಪ್ರಶ್ನೆ ನಗರದ ದೀಪಗಳಿಗೆ ಸರಿ, ಅದಕ್ಕೆ ದುಬಾರಿ ಬ್ಯಾಟರಿ ಬೇಕು. ತೋಟಕ್ಕೆ ಹಗಲು ನೀರು ಹಾಯಿಸಿದರೆ ಮುಗಿಯಿತು.

ಇದು ನನ್ನ ಕಲ್ಪನೆಯಲ್ಲ. ‘ಪಿಎಂ ಕುಸುಮ್’ ಯೋಜನೆಯ ‘ಸಿ’ ಘಟಕದಲ್ಲಿ ಫೀಡರ್ ಸೋಲಾರ್‌ಗೆ ಕೇಂದ್ರದ ನೆರವು ಮೆಗಾವ್ಯಾಟ್‌ಗೆ 1.05 ಕೋಟಿ ರೂಪಾಯಿವರೆಗೆ ಇದೆ. ಮಹಾರಾಷ್ಟ್ರ ಈ ದಾರಿಯಲ್ಲಿ 16 ಸಾವಿರ ಮೆಗಾವ್ಯಾಟ್ ಗುರಿ ಇಟ್ಟುಕೊಂಡಿದೆ. ನಮ್ಮಲ್ಲೂ ಕೆಲಸ ಶುರುವಾಗಿದೆ, ಆದರೆ ವೇಗ ಸಾಲದು ಎನ್ನುವುದೇ ನನ್ನ ತಕರಾರು. 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಅದರ ಹಣವನ್ನು ಸರ್ಕಾರ ಎಸ್ಕಾಂಗಳಿಗೆ ಕೊಡಬೇಕು. ಅದು ತಡವಾದಾಗ ಎಸ್ಕಾಂ ಸಾಲ ಮಾಡುತ್ತದೆ, ಸಾಲದ ಬಡ್ಡಿಯೂ ದರದ ಲೆಕ್ಕಕ್ಕೆ ಬರುತ್ತದೆ. ಪಂಪ್‌ಸೆಟ್‌ಗೆ ಕೊಡುವ ಕರೆಂಟೇ ಅಗ್ಗವಾದರೆ ಈ ಸುಳಿ ಸಡಿಲವಾಗುತ್ತದೆ. ಘಟಕ ಕಟ್ಟಲು ಖಾಸಗಿಯವರು ಬಂದರೂ ಸಬ್‌ಸ್ಟೇಷನ್ ಬಲಪಡಿಸುವುದು, ಜಾಗ ಹುಡುಕುವುದು, ತಿಂಗಳು ತಿಂಗಳು ಹಣ ಪಾವತಿಸುವುದು ಎಸ್ಕಾಂ ಕೆಲಸ. ಬಂಡವಾಳ ಬೇಕಿರುವುದು ಅಲ್ಲಿ.

ಅಂದಹಾಗೆ, ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ ಹತ್ತುವ ನನ್ನ ಗೆಳೆಯರಿಗೆ ಇಂಥ ಘಟಕಗಳಲ್ಲಿ ನಾಲ್ಕು ಕೆಲಸವಾದರೂ ಊರಲ್ಲೇ ಸಿಕ್ಕೀತು.

ಎಸ್ಕಾಂಗಳು ದರ ಏರಿಕೆಗೆ ಅರ್ಜಿ ಹಾಕಿದಾಗ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ, ವಿಚಾರಣೆಯನ್ನೂ ನಡೆಸುತ್ತದೆ. ವಿದ್ಯಾರ್ಥಿಗಳೂ ಬರೆಯಬಹುದು. ಮುಂದಿನ ಅರ್ಜಿಗೆ ನಾನು ಬರೆಯುವ ಆಕ್ಷೇಪಣೆಯಲ್ಲಿ ಅಪ್ಪ ಕೇಳಲು ಹೇಳಿದ ಒಂದೇ ಪ್ರಶ್ನೆ ಇದೆ: ನಮ್ಮ ಫೀಡರ್‌ಗೆ ಸೋಲಾರ್ ಬರುವುದು ಯಾವ ವರ್ಷ?