ಉಸಿರಿನ ಲೆಕ್ಕ

ಕಳೆದ ಸುಗ್ಗಿಯ ದಿನಗಳಲ್ಲಿ ಒಂದು ಸಂಜೆ ನನ್ನ ತಮ್ಮನ ಮಗನು ಮನೆಗೆ ಬಂದು, "ಕಾಕಾ, ನಾವು ಐದು ಮಂದಿ ಗೆಳೆಯರು ಕೂಡಿ ಸಮುದ್ರದ ತಳ ನೋಡಿಬರಬೇಕಂತ ಮಾಡೀವಿ" ಎಂದಾಗ, ಓದುತ್ತಿದ್ದ ಪತ್ರಿಕೆಯನ್ನು ನಾನು ಮಡಿಸಿಟ್ಟೆನು. ಮದುವೆಯ ಸುದ್ದಿಯನ್ನೋ ಸಾಲದ ಸುದ್ದಿಯನ್ನೋ ತಂದಿದ್ದರೆ ಇಷ್ಟು ಬೆರಗಾಗುತ್ತಿರಲಿಲ್ಲ.

ಶ್ರೀರಾಮನಗರವನ್ನು ಕಾಣದ ವಾಚಕರಿಗಾಗಿ ಒಂದು ಮಾತು. ಗಂಗಾವತಿ ತಾಲೂಕಿನ ಈ ಊರು ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿ ಬೆಳೆದದ್ದು. ೧೯೫೩ರಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಇಳಿದ ಮೇಲೆ ಆಂಧ್ರದ ಕಡೆಯಿಂದ ಬಂದ ಒಕ್ಕಲಿಗ ಕುಟುಂಬಗಳು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದವು. ಭತ್ತದ ಬೆನ್ನ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ನಮ್ಮ ಹುಡುಗನು ಅಂಥದೊಂದು ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವನ ಗೆಳೆಯರಲ್ಲಿ ಇಬ್ಬರ ಅಜ್ಜಂದಿರು ಗೋದಾವರಿ ತೀರದಿಂದ ಬಂದವರು. ಅವರು ಕಡಲಿನ ಉಪ್ಪುಗಾಳಿಯನ್ನು ಕುಡಿದು ಬೆಳೆದವರು. ಮೊಮ್ಮಕ್ಕಳು ಕಡಲನ್ನು ಪರದೆಯ ಮೇಲೆ ಮಾತ್ರ ಕಂಡವರು.

ಈ ಆಸೆಯ ಬೀಜವೂ ಪರದೆಯಿಂದಲೇ ಬಿದ್ದದ್ದು. ೨೦೨೨ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜಕುಮಾರರು ನೇತ್ರಾಣಿಯ ಕಡಲಿಗಿಳಿದುದನ್ನು ಈ ಹುಡುಗರು ಎಷ್ಟು ಸಲ ನೋಡಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಆದರೂ ಮೊದಲ ದಿನ ಅವರ ಬಾಯಲ್ಲಿ ಬಂದ ಹೆಸರುಗಳು ದೊಡ್ಡವು: ಮಾಲ್ಡೀವ್ಸ್, ಲಕ್ಷದ್ವೀಪ, ಅಂಡಮಾನಿನ ಸ್ವರಾಜ್ ದ್ವೀಪ. ಒಂದಕ್ಕೆ ಪಾಸ್‌ಪೋರ್ಟು ಬೇಕು. ಇನ್ನೊಂದಕ್ಕೆ ಪ್ರವೇಶದ ಪರವಾನಗಿ ಬೇಕು. ಮೂರಕ್ಕೂ ದುಡ್ಡು ಬೇಕು. ಅರ್ಧ ಗಂಟೆಯ ಕೂಡಿಸಿ ಕಳೆಯುವಿಕೆಯಾದ ಬಳಿಕ ದೋಣಿಯು ತಾನಾಗಿಯೇ ನಮ್ಮ ಉತ್ತರ ಕನ್ನಡದ ಕಡೆಗೆ ತಿರುಗಿತು.

ನೇತ್ರಾಣಿಯು ಮುರ್ಡೇಶ್ವರದ ಕಡಲತೀರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿರುವ ಪುಟ್ಟ ದ್ವೀಪ. ಪಾರಿವಾಳದ ದ್ವೀಪವೆಂದೂ ಇದಕ್ಕೆ ಹೆಸರುಂಟು. ಯಾಂತ್ರಿಕ ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ಹಾದಿ. ಮೇಲೆ ಕಾಡು, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡು. ಕೆಳಗೆ ಬಂಡೆಗಳು, ಹವಳ, ಬಣ್ಣದ ಮೀನುಗಳು. ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಬಳಸಿದ ಜಾಗವಾದುದರಿಂದ, ತಳದಲ್ಲಿ ಲೋಹದ ತುಂಡು ಕಂಡರೆ ಕೈಹಾಕದಿರುವುದೇ ಜಾಣತನ. ಹವಳಕ್ಕೂ ಕೈಹಾಕಬಾರದು. ನೋಡಲು ಕಲ್ಲಿನಂತಿದ್ದರೂ ಅದು ಜೀವಿ; ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ ಅದಕ್ಕುಂಟು. ಲಕ್ಷದ್ವೀಪದ ಹವಳಗಳು ೨೦೨೪ರ ಬಿಸಿನೀರಿಗೆ ಬಿಳಿಚಿ ಹೋದುದನ್ನು ಬಲ್ಲವರು, ಇದ್ದುದನ್ನು ಮುರಿದು ತರುವ ಮನಸ್ಸು ಮಾಡಲಾರರು.

ಕಾಲ ಯಾವುದು? ಮುಂಗಾರಿನಲ್ಲಿ ಅತ್ತ ಸುಳಿಯುವಂತಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ದೋಣಿಗಳು ಹೊರಡುತ್ತವೆ. ಡಿಸೆಂಬರಿನಲ್ಲಿ ಶಾಲೆಯ ಮಕ್ಕಳ ಪ್ರವಾಸ, ಶಿವರಾತ್ರಿಯಲ್ಲಿ ಭಕ್ತರ ಜಾತ್ರೆ. ಗಿರಣಿಯ ಗದ್ದಲವು ತುಸು ಇಳಿಯುವ ಫೆಬ್ರವರಿಯ ಮೊದಲ ವಾರವೇ ಸರಿಯೆಂದು ಗೊತ್ತಾಯಿತು. ೨೦೧೯ರಲ್ಲಿ ನಮ್ಮ ಗಂಗಾವತಿಗೆ ರೈಲು ಬಂದಿತಾದರೂ, ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗಬೇಕಾದ ಹಳಿಯು ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿದೆ. ಆದುದರಿಂದ ಒಂದು ಕ್ರೂಸರ್ ಗಾಡಿ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಹೊನ್ನಾವರ. ಹತ್ತಿರ ಹತ್ತಿರ ೪೦೦ ಕಿಲೋಮೀಟರು.

ಶನಿವಾರ ಬೆಳಿಗ್ಗೆ ಮುಳುಗಿ, ಮಧ್ಯಾಹ್ನವೇ ಗಾಡಿ ಹತ್ತಿ, ರಾತ್ರಿ ಊರು ಸೇರಬೇಕೆಂಬುದು ಹುಡುಗರ ಎಣಿಕೆಯಾಗಿತ್ತು. ಇಲ್ಲಿ ನಾನು ಅಡ್ಡ ಬಂದೆನು. ನೀರಿನ ಕೆಳಗೆ ೧೦ ಮೀಟರು ಇಳಿದರೆ ಮೈಮೇಲಿನ ಒತ್ತಡವು ಇಮ್ಮಡಿಯಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯೊಳಗಿನ ಸಾರಜನಕವು ರಕ್ತದಲ್ಲಿ ಕರಗಿ ಕೂಡುತ್ತದೆ. ಒತ್ತಡ ಸಡಿಲಿದಾಗ ಮೆಲ್ಲನೆ ಹೊರಬೀಳುತ್ತದೆ. ಗೋಲಿ ಸೋಡಾದ ಬಾಟಲಿಯನ್ನು ಒಮ್ಮೆಲೇ ಒತ್ತಿ ತೆರೆದಾಗ ಏನಾಗುವುದೆಂಬುದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಅದು ನರದೊಳಗೆ ಆಗಬಾರದೆಂದು ಹಾಲ್ಡೇನ್ ಎಂಬ ವಿಜ್ಞಾನಿಯು ೧೯೦೮ರಲ್ಲಿಯೇ ಕೋಷ್ಟಕ ಹಾಕಿಕೊಟ್ಟನು. ಮುಳುಗಿದವನು ೧೮ ಗಂಟೆಯ ಕಾಲ ವಿಮಾನವೇರಬಾರದೆಂಬ ಎಚ್ಚರಿಕೆಯೂ ಇದೇ ಕಾರಣದ್ದು. ವಿಮಾನವನ್ನೇರದಿದ್ದರೇನು, ನಾವು ಘಟ್ಟವನ್ನೇರುವವರಷ್ಟೆ! ಹುಬ್ಬಳ್ಳಿಯು ಸಮುದ್ರಮಟ್ಟಕ್ಕಿಂತ ೬೦೦ ಮೀಟರಿಗೂ ಎತ್ತರದಲ್ಲಿದೆ. ಹೊಸಬರು ಒಮ್ಮೆ ಸ್ವಲ್ಪ ಆಳಕ್ಕೆ ಇಳಿದುಬಂದರೆ ಭಯ ಬಹಳವಿಲ್ಲ, ನಿಜ. ಆದರೂ ಒಂದು ರಾತ್ರಿ ಮುರ್ಡೇಶ್ವರದಲ್ಲಿಯೇ ಮಲಗಿ ಮರುದಿನ ಹೊರಟರೆ ಕಳೆದುಕೊಳ್ಳುವುದು ಛತ್ರದ ಬಾಡಿಗೆ ಮಾತ್ರ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಎಲ್ಲವೂ ನೆಟ್ಟಗಾಯಿತೆನ್ನುವಾಗ ಆ ಕಾಗದವು ಬಂದಿತು. ನೀರಿಗಿಳಿಯುವವರು ತುಂಬಿಕೊಡಬೇಕಾದ ಆರೋಗ್ಯದ ಪ್ರಶ್ನೆಗಳ ಪಟ್ಟಿ. ಹೃದ್ರೋಗವುಂಟೆ? ಮೂರ್ಛೆಯುಂಟೆ? ಕಿವಿ ಸೋರುವುದುಂಟೆ? ಉಬ್ಬಸವುಂಟೆ? ಒಂದಕ್ಕೆ 'ಹೌದು' ಎಂದು ಬರೆದರೂ ವೈದ್ಯರ ಸಹಿ ಬೇಕು.

ನಮ್ಮ ಹುಡುಗನಿಗೆ ಚಿಕ್ಕಂದಿನಿಂದಲೂ ಉಬ್ಬಸವುಂಟು. ನಡುವೆ ಕೆಲವು ವರ್ಷ ಅಡಗಿದ್ದುದು, ಗಿರಣಿಗೆ ಸೇರಿದ ಮೇಲೆ ತಲೆಯೆತ್ತಿತು. ಸುಗ್ಗಿಯಲ್ಲಿ ಹಗಲಿರುಳು ಭತ್ತ ಇಳಿಯುವಾಗ ತೌಡಿನ ಧೂಳು ಕಚೇರಿಯ ಕಿಟಕಿಯೊಳಗೂ ಮಂಜಿನಂತೆ ನುಗ್ಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಉಸಿರಿಗಾಗಿ ತಡಕಾಡುವ ಮಗನ ಬೆನ್ನು ನೀವುತ್ತ ಕುಳಿತ ತಾಯಿಯನ್ನು ನಾನು ನೋಡಿದ್ದೇನೆ. ದೂರವಾಣಿಯಲ್ಲಿ ವಿಚಾರಿಸಿದಾಗ ಜಾಗ ಕಾಯ್ದಿರಿಸುವ ದಲ್ಲಾಳಿಯೊಬ್ಬನು, "ಎಲ್ಲದಕ್ಕೂ ಇಲ್ಲ ಅಂತ ಬರೆದುಬಿಡ್ರಿ, ಅದೊಂದು ಶಾಸ್ತ್ರ ಅಷ್ಟೇ" ಎಂದನಂತೆ. ಹುಡುಗನು ಲೇಖನಿ ಹಿಡಿದು ನನ್ನ ಮುಖ ನೋಡಿದನು.

"ಕಾಕಾ, ಇದಕ್ಕೇನು ಬರೀಲಿ?"

"ಗಿರಣಿಯ ಖಾತೆಯಲ್ಲಿ ಇಲ್ಲದ ಚೀಲವನ್ನ ಇದೆ ಅಂತ ಬರೀತೀಯೇನು?"

ಉತ್ತರವಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನಾಲ್ವರು ಮುಳುಗುವಾಗ ತಾನೊಬ್ಬನು ದೋಣಿಯಲ್ಲಿ ಕೂರಬೇಕು. ಊರಿಗೆ ಬಂದಮೇಲೆ ನಾಲ್ವರ ಬಾಯಿಂದ ಕೇಳಬೇಕು. ಆದರೆ ಅಪಾಯವು ಬರಿಯ ಮಾತಿನದಲ್ಲ. ಸಿಲಿಂಡರಿನ ಗಾಳಿ ಒಣದು, ತಣ್ಣನೆಯದು. ಉಬ್ಬಸದವರ ಶ್ವಾಸನಾಳಗಳು ಅದಕ್ಕೆ ಸಂಕೋಚಗೊಳ್ಳಬಹುದು. ೧೦ ಮೀಟರು ಆಳದಲ್ಲಿ ಎಳೆದುಕೊಂಡ ಒಂದು ಉಸಿರು, ಮೇಲೇರುತ್ತ ಬಂದಂತೆ ಹಿಗ್ಗಿ ಎರಡು ಉಸಿರಿನಷ್ಟಾಗುತ್ತದೆ. ಹೊರಡುವ ದಾರಿ ತೆರೆದಿದ್ದರೆ ಚಿಂತೆಯಿಲ್ಲ. ಮುಚ್ಚಿದ್ದರೆ ಶ್ವಾಸಕೋಶವೇ ಹರಿಯುತ್ತದೆ. ಮುಳುಗುವವರು ಎಂದಿಗೂ ಉಸಿರನ್ನು ಬಿಗಿಹಿಡಿಯಬಾರದೆಂದು ಮೊದಲ ಪಾಠದಲ್ಲಿಯೇ ಹೇಳಿಕೊಡುವುದು ಇದಕ್ಕಾಗಿ. ಬಿಗಿಹಿಡಿಯದಿರುವುದು ಅವನ ಕೈಯಲ್ಲಿರಬೇಕಲ್ಲ?

ಮರುದಿನ ಇಬ್ಬರೂ ಗಂಗಾವತಿಯ ವೈದ್ಯರಲ್ಲಿಗೆ ಹೋದೆವು. ಅವರು ಕೊಳವೆಯೊಂದರಲ್ಲಿ ಊದಿಸಿ ಅಳತೆ ನೋಡಿ, ಬೆನ್ನಿಗೆ ಕಿವಿಗೊಟ್ಟು, "ಈ ವರ್ಷ ಸಿಲಿಂಡರು ಕಟ್ಟಿಕೊಳ್ಳುವುದು ಬೇಡ" ಎಂದರು. ಹುಡುಗನ ಮುಖ ಬಾಡಿತು. ನಾನು ಸ್ನಾರ್ಕೆಲಿನ ಮಾತೆತ್ತಿದೆನು. ಅದು ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಉಸಿರುಕೊಳವೆ; ಮುಖವನ್ನು ನೀರಿನಲ್ಲಿಟ್ಟು ಮೇಲೆಯೇ ತೇಲುತ್ತ ನೋಡುವುದು. ವೈದ್ಯರು ತುಸು ಯೋಚಿಸಿ, ಔಷಧವನ್ನು ಎರಡು ತಿಂಗಳು ತಪ್ಪದೆ ತೆಗೆದುಕೊಂಡು, ಮತ್ತೊಮ್ಮೆ ಬಂದು ತೋರಿಸಿದರೆ, ತೇಲುಕವಚ ತೊಟ್ಟು ದೋಣಿಯ ಮಗ್ಗುಲಲ್ಲಿ ಮಾತ್ರ ಆಗಬಹುದೆಂದರು. ಉಬ್ಬಸದ ಪಂಪು ದೋಣಿಯಲ್ಲಿ ಕೈಗೆಟಕುವಂತಿರಬೇಕು, ಜೊತೆಗೊಬ್ಬ ಬಲ್ಲವನಿರಬೇಕು.

ಕಾಲುವೆಯಲ್ಲಿ ಈಜು ಕಲಿತವನಾದುದರಿಂದ ತನಗಿದು ಸುಲಭವೆಂದು ಅವನೆಣಿಸಿದ್ದನು. ಕಾಲುವೆಯ ನೀರು ಒಂದೇ ಕಡೆಗೆ ಎಳೆಯುತ್ತದೆ; ಕಡಲು ಎತ್ತುತ್ತದೆ, ಇಳಿಸುತ್ತದೆ, ತಿರುಗಿಸುತ್ತದೆ. ದೋಣಿ ಹೊರಟ ಅರ್ಧ ಗಂಟೆಗೆ ಐವರಲ್ಲಿ ಮೂವರು ಬೆಳಗಿನ ಇಡ್ಲಿಯನ್ನು ಮೀನುಗಳಿಗೆ ಅರ್ಪಿಸಿದರಂತೆ.

ಬಂದ ಮೇಲೆ ಅವನು ಹೇಳಿದ್ದು ಬಹಳವಿಲ್ಲ. ಮೊದಲು ತನ್ನ ಉಸಿರಿನ ಸದ್ದೊಂದೇ ಕೇಳಿಸಿತಂತೆ. ಕೊಳವೆಯಲ್ಲಿ ಒಳಗೆ, ಹೊರಗೆ. ಕೆಳಗೆ ಬಂಡೆಯ ಮೇಲೆ ಹಳದಿಯ ಪಟ್ಟೆಮೀನುಗಳ ಹಿಂಡು. ಅವುಗಳಿಗಿಂತಲೂ ಕೆಳಗೆ ಗೆಳೆಯರು. ಅವರ ಸಿಲಿಂಡರುಗಳಿಂದ ಏರಿಬಂದ ಗಾಳಿಗುಳ್ಳೆಗಳು, ಮೇಲೆ ಬಂದಂತೆ ದೊಡ್ಡದಾಗುತ್ತ ಬಂದು ಅವನ ಎದೆಗೆ ತಾಗಿ ಒಡೆಯುತ್ತಿದ್ದುವಂತೆ. "ನೀವು ಹೇಳಿದ ಲೆಕ್ಕ ಕಣ್ಣಾರೆ ಕಂಡೆ ಕಾಕಾ" ಎಂದನು.

ಈ ಸುಗ್ಗಿಗೆ ಮುಂಚೆ ಮತ್ತೊಮ್ಮೆ ಊದಿ ತೋರಿಸಬೇಕೆಂದು ವೈದ್ಯರು ದಿನ ಕೊಟ್ಟಿದ್ದಾರೆ. ಗಿರಣಿಯ ಮಾಲೀಕರಿಗೆ ಹೇಳಿ, ಕಚೇರಿಯ ಕಿಟಕಿಗೆ ಗಾಜು ಹಾಕಿಸಿಕೊಂಡಿದ್ದಾನೆ.