ಎದೆನೋವು: ಹೃದಯದ್ದೋ, ಅನ್ನನಾಳದ್ದೋ?

ಶೃಂಗೇರಿಯ ತುಂಗಾ ತೀರದಲ್ಲಿ ದನ ನೀರು ಕುಡಿಯುವುದನ್ನು ಮಕ್ಕಳು ನೋಡಿರಬಹುದು. ಅದರ ಬಾಯಿ ಕೆಳಗೆ, ಹೊಟ್ಟೆ ಮೇಲೆ. ಆದರೂ ನೀರು ಹೊಟ್ಟೆಗೆ ಏರುತ್ತದೆ. ಹಾಗೆ ಏರಿಸುವುದು ಅನ್ನನಾಳದ ಸ್ನಾಯುಗಳು.

ಮನುಷ್ಯನ ಅನ್ನನಾಳವೂ ಬರಿಯ ಕೊಳವೆಯಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಇದು ಗಂಟಲಿನಿಂದ ಹೊರಟು, ಹೃದಯದ ಹಿಂಬದಿಯಲ್ಲೇ ಹಾದು, ವಪೆಯನ್ನು ದಾಟಿ ಜಠರ ಸೇರುತ್ತದೆ. ತುತ್ತು ನುಂಗಿದೊಡನೆ ಅದರ ಗೋಡೆಯ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಒಂದರ ಹಿಂದೊಂದು ಹಿಂಡುತ್ತ ಹೋಗುತ್ತವೆ. ಈ ಅಲೆ ತುದಿ ಮುಟ್ಟಲು 8-10 ಸೆಕೆಂಡು ಸಾಕು. ತುದಿಯಲ್ಲಿರುವ ಬಳೆಯಂಥ ಸ್ನಾಯು ಸಡಿಲಗೊಂಡು ದಾರಿ ಬಿಡುತ್ತದೆ, ತುತ್ತು ದಾಟಿದ ಮೇಲೆ ಮತ್ತೆ ಬಿಗಿಯುತ್ತದೆ.

ಕೆಲವರಲ್ಲಿ ಈ ಸರದಿ ತಪ್ಪುತ್ತದೆ. ಸ್ನಾಯುಗಳು ನಾಳದ ಉದ್ದಕ್ಕೂ ಒಮ್ಮೆಗೇ ಸೆಟೆದುಕೊಳ್ಳುತ್ತವೆ; ಇಲ್ಲವೆ ಅಲೆ ಸರಿಯಿದ್ದರೂ ಹಿಂಡುವ ಬಲ ಅತಿಯಾಗುತ್ತದೆ. ಆಗ ಎದೆಯ ನಡುವೆ ಹಿಂಡಿದಂಥ ನೋವು. ಅದು ಬೆನ್ನು, ದವಡೆ, ತೋಳುಗಳಿಗೂ ಹಬ್ಬಬಹುದು. ಹೃದಯಾಘಾತದ ನೋವೂ ಹೀಗೆಯೇ! ಎರಡೂ ಅಂಗಗಳಿಂದ ನೋವಿನ ಸುದ್ದಿ ತರುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಸುದ್ದಿ ಯಾರ ಮನೆಯದೆಂದು ಮಿದುಳಿಗೆ ತಿಳಿಯುವುದಿಲ್ಲ.

ಇನ್ನೊಂದು ಪೇಚೂ ಇದೆ. ಹೃದ್ರೋಗಿಗಳು ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ ಅನ್ನನಾಳದ ಸ್ನಾಯುವನ್ನೂ ಸಡಿಲಿಸುತ್ತದೆ. ಮಾತ್ರೆಯಿಂದ ನೋವು ಇಳಿಯಿತೆಂದು ಹೃದಯದ್ದೇ ಎನ್ನುವಂತಿಲ್ಲ. ಜೀರಿಗೆ ಕಷಾಯದಿಂದ ಇಳಿಯಿತೆಂದು ಹೃದಯದ್ದಲ್ಲ ಎನ್ನುವಂತೆಯೂ ಇಲ್ಲ.

ಒಂಟಿ ತೋಟದ ಮನೆಗಳ ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಮಳೆಗಾಲದ ರಾತ್ರಿ ಅಪ್ಪನಿಗೆ ಎದೆನೋವು ಬಂದರೆ, "ಗ್ಯಾಸ್ಟ್ರಿಕ್ ಇರಬೇಕು, ಬೆಳಗಾಗಲಿ" ಎನ್ನುವುದು ಸುಲಭ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಕಷ್ಟ. ಆದರೂ ಕಾಯಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ಆಗಲಿ. ಅದು ಸರಿಯಿದ್ದರೂ ವೈದ್ಯರು ರಕ್ತಪರೀಕ್ಷೆ, ಮತ್ತೊಂದು ಇ.ಸಿ.ಜಿ. ಎಂದರೆ ಬೇಸರ ಬೇಡ. ಹೃದಯದ ತಪ್ಪಿಲ್ಲವೆಂದು ಖಚಿತವಾದ ಮೇಲೆಯೇ ಅನ್ನನಾಳದ ಸರದಿ. ಅಲ್ಲೂ ಹುಳಿ ಮೇಲೇರಿ ಬರುವ ತೊಂದರೆಯೇ ಹೆಚ್ಚು, ಸ್ನಾಯುದೋಷ ಅಪರೂಪ. ಬೇರಿಯಂ ಬೆರೆಸಿದ ಬಿಳಿ ದ್ರವ ಕುಡಿಸಿ ಎಕ್ಸ್-ರೇ ತೆಗೆದಾಗ ಸೆಟೆದ ನಾಳ ಸ್ಕ್ರೂನಂತೆ ತಿರುಚಿಕೊಂಡು ಕಾಣುವುದುಂಟು. ಮೂಗಿನಿಂದ ತೆಳು ನಳಿಗೆ ಇಳಿಸಿ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಇನ್ನೂ ನಿಖರ.

ತುದಿಯ ಬಳೆ ಸಡಿಲಗೊಳ್ಳದೇ ಹೋಗುವುದು ಅಕಲೇಸಿಯ. ಇದರಲ್ಲಿ ಅನ್ನದಂತೆ ನೀರೂ ಇಳಿಯದು. ಉಂಡದ್ದು ಮಲಗಿದಾಗ ಬಾಯಿಗೆ ಮರಳುತ್ತದೆ, ತೂಕ ಇಳಿಯುತ್ತದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲೇ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದ. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟಿದ್ದನಂತೆ; ಆ ಮನುಷ್ಯ ಅದರಿಂದಲೇ ಊಟವನ್ನು ಒಳಕ್ಕೆ ತಳ್ಳಿಕೊಳ್ಳುತ್ತ ವರ್ಷಗಟ್ಟಲೆ ಬದುಕಿದ! 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಆ ಬಿಗಿದ ಸ್ನಾಯುವನ್ನೇ ಕೊಯ್ದು ಸಡಿಲಿಸಿದರು. 2008ರಲ್ಲಿ ಜಪಾನಿನ ಹಾರುಹಿರೊ ಇನೊವೆ, ಹೊರಗೆ ಗಾಯ ಮಾಡದೆ, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಅದೇ ಕೆಲಸ ಮಾಡಿದರು. ಈಗ ಬೆಂಗಳೂರಿನಲ್ಲೂ ಈ ಚಿಕಿತ್ಸೆ ಸಿಗುತ್ತದೆ.