ಟಾನ್ಸಿಲ್ ತೆಗೆಸಿದರೆ ಮಗುವಿನ ಹೃದಯ ಉಳಿಯುತ್ತದೆಯೇ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಮಗುವಿಗೆ ಮೇಲಿಂದ ಮೇಲೆ ಗಂಟಲು ಬೇನೆ ಬಂದು, ಅದರ ಹಿಂದೆಯೇ ಕೀಲು ಬಾತರೆ ಹಿರಿಯರು ಕೇಳುವ ಪ್ರಶ್ನೆ ಒಂದೇ: ಟಾನ್ಸಿಲ್ ತೆಗೆಸಿಬಿಡೋಣವೇ?

ಪರ

ಗಂಟಲಿಗೂ ಕೀಲಿಗೂ ಇರುವ ನಂಟು ಬರೀ ಊಹೆಯಲ್ಲ. 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಗಂಟಲಿಗೆ ತಗುಲಿದ ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. 5ರಿಂದ 15 ವರ್ಷದವರಿಗೇ ಇದರ ಕಾಟ ಹೆಚ್ಚು. ಇವತ್ತು ಮೊಣಕಾಲು ಬಾತು ಬಿಸಿಯಾದರೆ, ನಾಡಿದ್ದು ಅದು ಇಳಿದು ಮೊಣಕೈ ಹಿಡಿಯುತ್ತದೆ. ಕೀಲು ವಾಸಿಯಾಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಮಾತ್ರ ಉಳಿದುಬಿಡಬಹುದು.

ಹೀಗಿರುವಾಗ ಸೋಂಕು ಕೂರುವ ಜಾಗವನ್ನೇ ತೆಗೆಸುವುದು ತಪ್ಪೇ? ಗೋವಿನಜೋಳದ ಸುಗ್ಗಿಯಲ್ಲಿ ಕೂಲಿ ಬಿಟ್ಟು ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವ ತಾಯಿಗೆ, ಪ್ರತಿ ಸಲವೂ 10 ದಿನದ ಮಾತ್ರೆ ಪೂರ್ತಿ ನುಂಗಿಸುವುದು ಹೇಳಿದಷ್ಟು ಸುಲಭವಲ್ಲ. ಮೂರನೇ ದಿನ ಜ್ವರ ಬಿಟ್ಟರೆ ಉಳಿದ ಮಾತ್ರೆ ಗೋಡೆಯ ಮಾಡದಲ್ಲೇ ಉಳಿಯುತ್ತವೆ. ವರ್ಷದಲ್ಲಿ 7 ಸಲ, ಇಲ್ಲವೇ ಸತತ ಎರಡು ವರ್ಷ ತಲಾ 5 ಸಲ, ಮೂರು ವರ್ಷ ತಲಾ 3 ಸಲ ಗಂಟಲು ಬೇನೆ ಬಂದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಮುಂದಿನ ಎರಡು ವರ್ಷ ಆ ಕಾಟ ತಗ್ಗಿದ್ದನ್ನು ಅಮೆರಿಕದ ಪಿಟ್ಸ್‌ಬರ್ಗ್ ವೈದ್ಯರು 1984ರಲ್ಲೇ ತೋರಿಸಿದ್ದಾರೆ. ಗಂಟಲು ಬೇನೆ ತಗ್ಗಿದರೆ ಹೃದಯದ ಅಪಾಯವೂ ತಗ್ಗಬೇಕಲ್ಲವೇ?

ವಿರೋಧ

ವರ್ಷಕ್ಕೆ ಏಳು ಸಲ ಗಂಟಲು ಬೇನೆಯಿಂದ ಮಲಗುವ ಮಗುವಿಗೆ ಗಂಟಲಿನ ನೆಮ್ಮದಿಗಾಗಿ ಟಾನ್ಸಿಲ್ ತೆಗೆಸಿ, ನಮ್ಮ ತಕರಾರಿಲ್ಲ. ಹೃದಯ ಉಳಿಯುತ್ತದೆಂಬ ಭರವಸೆಯ ಮೇಲೆ ತೆಗೆಸಬೇಡಿ. ಕಳೆದ ಶತಮಾನದ ಆರಂಭದಲ್ಲಿ ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಮುಂತಾದವರು ದೇಹದ ಒಂದು ಮೂಲೆಯ ಸೋಂಕೇ ಕೀಲು ಬೇನೆಯ ಮೂಲ ಎಂದು ವಾದಿಸಿದರು. ಆ ನಂಬಿಕೆಯಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳ ಟಾನ್ಸಿಲ್ ಹೋದವು, ರುಮ್ಯಾಟಿಕ್ ಜ್ವರ ಮಾತ್ರ ಟಾನ್ಸಿಲ್ ಇಲ್ಲದವರಿಗೂ ಬಂತು. ಈ ಬ್ಯಾಕ್ಟೀರಿಯಾ ಗಂಟಲಿನ ಒಳಪದರಕ್ಕೂ ತಗುಲಬಲ್ಲದು. ರುಮ್ಯಾಟಿಕ್ ಜ್ವರವನ್ನು ತಡೆದದ್ದು ಪೆನಿಸಿಲಿನ್. ಗಂಟಲು ಬೇನೆ ಶುರುವಾದ 9 ದಿನಗಳೊಳಗೆ ಕೊಟ್ಟರೂ ಅದು ರುಮ್ಯಾಟಿಕ್ ಜ್ವರವನ್ನು ತಡೆಯಬಲ್ಲದು. ಮಾತ್ರೆ ನುಂಗಿಸುವುದು ಕಷ್ಟ ಎಂಬ ಮಾತು ನಿಜ, ಅದಕ್ಕೆ ಒಂದೇ ಇಂಜೆಕ್ಷನ್ನಿನ ದಾರಿಯೂ ಇದೆ. ಹಾಗೆಂದು ಪ್ರತಿ ಗಂಟಲು ಬೇನೆಗೂ ಪೆನಿಸಿಲಿನ್ ಬೇಡ, ಹೆಚ್ಚಿನವು ವೈರಸ್ಸಿನವು. ನೆಗಡಿ, ಕೆಮ್ಮು ಇಲ್ಲದೆ ಜ್ವರ ಏರಿ, ಚಮಚದಿಂದ ನಾಲಿಗೆ ಒತ್ತಿ ನೋಡಿದಾಗ ಟಾನ್ಸಿಲ್ ಮೇಲೆ ಬಿಳಿ ಕೀವು ಕಂಡು, ಕುತ್ತಿಗೆಯಲ್ಲಿ ಗಡ್ಡೆ ಸಿಕ್ಕರೆ ತಡ ಮಾಡದೆ ವೈದ್ಯರ ಬಳಿ ಹೋಗಬೇಕು. ಹಾಸ್ಟೆಲಿನಲ್ಲಿ ಒತ್ತಾಗಿ ಮಲಗುವ ಮಕ್ಕಳ ಬಗ್ಗೆ ವಾರ್ಡನ್ನರಿಗೂ ಈ ಎಚ್ಚರ ಬೇಕು.

ಕಾಲು ನೋಯುವ ಮಗುವಿನ ರಕ್ತದಲ್ಲಿ 'ಎಎಸ್‌ಒ' ಹೆಚ್ಚಿದೆ ಎಂಬ ಒಂದೇ ಚೀಟಿ ಹಿಡಿದು ರುಮ್ಯಾಟಿಕ್ ಎನ್ನುವುದೂ ತಪ್ಪು. ಹಿಂದೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿತ್ತು ಎಂಬುದಷ್ಟೇ ಅದರ ಅರ್ಥ. ಬೆಳಿಗ್ಗೆ ಕೀಲು ಮರಗಟ್ಟಿ, ಬಾವು ಆರು ವಾರ ದಾಟಿದರೆ ಅದು ಮಕ್ಕಳ ಸಂಧಿವಾತ ಇರಬಹುದು. ಟಾನ್ಸಿಲ್ ತೆಗೆಸುವುದು ಅದರ ಚಿಕಿತ್ಸೆಯಲ್ಲ. ರುಮ್ಯಾಟಿಕ್ ಜ್ವರದ ಇನ್ನೊಂದು ಲಕ್ಷಣವನ್ನು ಮೊದಲು ಕಾಣುವವರು ಮೇಷ್ಟ್ರು: ಚೆಂದ ಬರೆಯುತ್ತಿದ್ದ ಹುಡುಗಿಯ ಅಕ್ಷರ ಸೊಟ್ಟಗಾಗುತ್ತದೆ, ಪೆನ್ಸಿಲ್ ಕೈಜಾರುತ್ತದೆ, ಮುಖ ತಾನಾಗಿ ಕಿವುಚಿಕೊಳ್ಳುತ್ತದೆ. ಬೈಸಿಕೊಳ್ಳುವ ಆ ಮಗುವಿಗೆ ಬೇಕಾದದ್ದು ಹೃದಯದ ಎಕೋ ಪರೀಕ್ಷೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಅವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು.

ನಮ್ಮನ್ನು ಹೆಚ್ಚು ಕಾಡುವುದು ಶಸ್ತ್ರಚಿಕಿತ್ಸೆಯ ನಂತರದ ನಿರಾಳ. ಬೇರು ಕಿತ್ತಾಯಿತು ಎಂದುಕೊಂಡು ರುಮ್ಯಾಟಿಕ್ ಜ್ವರ ಬಂದ ಮಗುವಿಗೆ 21 ದಿನಕ್ಕೊಮ್ಮೆ ಕೊಡಿಸಬೇಕಾದ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸಿದರೆ, ಮತ್ತೆ ಸೋಂಕು ತಗುಲಿದಾಗ ಕವಾಟ ಇನ್ನಷ್ಟು ಹಾಳಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾಗುವುದು ಮೊದಲ ಬಸಿರಿನಲ್ಲಿ, ಏದುಸಿರು ಬಂದಾಗ. ಆಗ ಬೆಂಗಳೂರಿನ ಜಯದೇವ ಆಸ್ಪತ್ರೆಯಂಥ ಕಡೆ ಬಲೂನು ಹಾಕಿ ಕವಾಟ ಬಿಡಿಸಬೇಕಾಗುತ್ತದೆ. ಇಂಜೆಕ್ಷನ್ ನೋಯುತ್ತದೆ, ಅಲರ್ಜಿಯ ಭಯದಿಂದ ಕೆಲವೆಡೆ ಕೊಡಲು ಹಿಂಜರಿಯುತ್ತಾರೆ, ತೀರಾ ದೂರದ ಹಳ್ಳಿಯವರಿಗೆ ಬಸ್ ಖರ್ಚೂ ಇದೆ. ಆದರೂ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಕಡಿಮೆಯೆಂದರೆ 5 ವರ್ಷ, ಹೃದಯಕ್ಕೆ ತಾಗಿದ್ದರೆ 10 ವರ್ಷ ಅಥವಾ 21 ವರ್ಷ ವಯಸ್ಸಾಗುವವರೆಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲವಾದರೂ ಅದನ್ನು ಕೊಡಿಸಲೇಬೇಕು. ಟಾನ್ಸಿಲ್ ತೆಗೆಸಿದ್ದರೂ ಅಷ್ಟೇ.